ಹಂಗಾಮಿ ರಿಜಿಸ್ಟ್ರಾರ್ ಆರ್ಡಿಸ್ ಟೋರ್ಕೆಲ್ಸನ್

ಆರ್ಡಿಸ್ ಟೋರ್ಕೆಲ್ಸನ್ ಕೂರುತ್ತಿದ್ದ ಕೋಣೆಯ ಬಾಗಿಲ ಮೇಲೆ ಹತ್ತೊಂಬತ್ತು ವರ್ಷ ‘ಹಂಗಾಮಿ ರಿಜಿಸ್ಟ್ರಾರ್’ ಎಂಬ ಫಲಕವಿತ್ತು. ಹಂಗಾಮಿ ಎಂದರೆ ನಾಳೆಯೋ ನಾಡಿದ್ದೋ ಖಾಯಂ ಆಸಾಮಿ ಬರುತ್ತಾನೆ ಎಂದರ್ಥ. ಯಾವ ಆಸಾಮಿಯೂ ಬರಲಿಲ್ಲ. ನಮ್ಮ ಲಿಂಡಾಲ್ ಕಾಲೇಜಿನಲ್ಲಿ ಯಾರು ಯಾವ ವಿಷಯದ ಪಾಠಕ್ಕೆ ಸೇರಿದರು, ಯಾರು ಬಿಟ್ಟರು, ಯಾರಿಗೆ ಪದವಿ ಬಂತು ಎಂಬುದನ್ನೆಲ್ಲ ಬರೆದಿಟ್ಟವಳು ಅವಳೇ. ಆದರೆ ರಿಜಿಸ್ಟ್ರಾರ್ ಆಗುವವರಿಗೆ ಪದವಿ ಇರಬೇಕೆಂದು ನಿಯಮ. ಆರ್ಡಿಸಳಿಗೆ ಪದವಿ ಇರಲಿಲ್ಲ. ಸಾವಿರಾರು ಜನರ ಪದವಿಪತ್ರಕ್ಕೆ ಮುದ್ರೆ ಒತ್ತಿದ ಕೈಗೆ ತನ್ನದೊಂದು ಪತ್ರವಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ನಾನು ಅದೇ ಕಾಲೇಜಿನ ಗ್ರಂಥಪಾಲಕನಾಗಿದ್ದೆ. ಹೆಸರು ವೆಂಡೆಲ್. ಅವಳ ಕೋಣೆಯ ಎದುರು ಬಾಗಿಲು ನನ್ನದು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರವರು ಹೇಳುತ್ತಾರೆ, ಹೇಳಲಿ. ಈ ಕಥೆ ಹೇಳುವಾಗಲೂ ಕೋಪ ಬರುತ್ತದೆ. ಯಾರ ಮೇಲೆ ಎಂದು ಇನ್ನೂ ನನಗೇ ತಿಳಿದಿಲ್ಲ.

ಅಮೆರಿಕದ ನಮ್ಮ ಅಯೋವಾ ರಾಜ್ಯದಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳು ಮೂರು. ಖಾಸಗಿ ಕಾಲೇಜುಗಳು ಮಾತ್ರ, ನಾಲ್ಕು ಜೋಳದ ಗೋದಾಮು ಮತ್ತು ಒಂದು ಚರ್ಚು ಇದ್ದ ಕಡೆಯಲ್ಲೆಲ್ಲ ಎದ್ದು ನಿಂತವು. ನಮ್ಮೂರು ನಾರ್ಡ್‌ಬಿಯ ನಾರ್ವೆ ಮೂಲದ ರೈತರು ತಮ್ಮ ಮಕ್ಕಳು ಪಕ್ಕದೂರಿನ ಸ್ವೀಡನ್ನಿನವರ ಕಾಲೇಜಿಗೆ ಹೋಗಬಾರದೆಂಬ ಒಂದೇ ಹಟಕ್ಕೆ ನಮ್ಮದನ್ನು ಕಟ್ಟಿದರಂತೆ. ಕಟ್ಟಲು ಹಣ ಕೊಟ್ಟ ಲಿಂಡಾಲ್ ಮಹಾಶಯನೇ ಸ್ವೀಡನ್ನಿನವನೆಂದು ಆಮೇಲೆ ತಿಳಿಯಿತು, ಅದು ಬೇರೆ ಮಾತು. ನಲವತ್ತು ಮೈಲಿ ಆಚೆಗಿನ ಸರ್ಕಾರಿ ವಿಶ್ವವಿದ್ಯಾಲಯವನ್ನು ನಾವು ‘ಸ್ಟೇಟ್’ ಎನ್ನುತ್ತಿದ್ದೆವು, ಸ್ವಲ್ಪ ತುಟಿ ಕೊಂಕಿಸಿ.

“ಅಲ್ಲಿ ಒಂದು ಕ್ಲಾಸಲ್ಲಿ ಮುನ್ನೂರು ಜನ ಕಣೋ,” ಎನ್ನುತ್ತಿದ್ದಳು ಆರ್ಡಿಸ್. “ನೀನು ಸತ್ತುಹೋದ್ರೂ ಮೇಷ್ಟ್ರಿಗೆ ಗೊತ್ತಾಗಲ್ಲ. ಇಲ್ಲಿ ಎರಡು ದಿನ ಕ್ಲಾಸಿಗೆ ಬರದಿದ್ರೆ ಮೇಷ್ಟ್ರ ಹೆಂಡ್ತಿ ಸೂಪ್ ಹಿಡ್ಕೊಂಡು ಬರ್ತಾಳೆ.”

“ಸೂಪ್ ಕುಡಿಯೋಕೆ ಇಷ್ಟೊಂದು ಫೀಸ್ ಕಟ್ಟಬೇಕಾ?” ಎಂದು ನಾನು ಕಾಲೆಳೆಯುತ್ತಿದ್ದೆ. ನಾನು ಓದಿದ್ದು ಸ್ಟೇಟ್‌ನಲ್ಲಿ. ಅದನ್ನು ಅವಳು ಮೂವತ್ತು ವರ್ಷವಾದರೂ ಕ್ಷಮಿಸಿರಲಿಲ್ಲ.

ಅವಳ ಇಬ್ಬರು ಅಣ್ಣಂದಿರು ಸ್ಟೇಟ್‌ಗೆ ಹೋಗಿ ಹಂದಿ ಸಾಕಣೆ ಓದಿದರು. ಆರ್ಡಿಸಳನ್ನು ಮಾತ್ರ ಅಪ್ಪ ಲಿಂಡಾಲಿಗೆ ಸೇರಿಸಿದ. ಒಂದೂವರೆ ವರ್ಷ ಓದಿದಳು. ಅಮ್ಮ ಹಾಸಿಗೆ ಹಿಡಿದಾಗ ಮನೆಗೆ ವಾಪಸಾದಳು, ಆಮೇಲೆ ಡ್ವೇನ್ ಎಂಬ ಲಾರಿ ಚಾಲಕನನ್ನು ಮದುವೆಯಾದಳು. ಇಪ್ಪತ್ತಾರನೆಯ ವಯಸ್ಸಿಗೆ ಕಾಲೇಜಿಗೆ ಮತ್ತೆ ಬಂದದ್ದು ಟೈಪಿಸ್ಟ್ ಆಗಿ. ನೌಕರರು ಆರು ತಿಂಗಳ ಅವಧಿಗೊಂದು ಪಾಠ ಶುಲ್ಕವಿಲ್ಲದೆ ಓದಬಹುದಿತ್ತು. ಹಾಗೆ ಒಂದೊಂದೇ ಪಾಠ ಓದುತ್ತ, ಮಗಳು ಹುಟ್ಟಿದಾಗ ಬಿಟ್ಟು, ಡ್ವೇನನಿಗೆ ಕಾಯಿಲೆ ಬಂದಾಗ ಬಿಟ್ಟು, ಮತ್ತೆ ಹಿಡಿದು, ಅರವತ್ತೊಂದನೆಯ ವಯಸ್ಸಿಗೆ ಒಂದು ಪಾಠ ಬಾಕಿ ಎನ್ನುವಲ್ಲಿಗೆ ಬಂದು ಮುಟ್ಟಿದಳು. ಅದು ಭೂವಿಜ್ಞಾನ. ಮಂಗಳವಾರ ಮಧ್ಯಾಹ್ನದ ಪ್ರಯೋಗ ತರಗತಿ ಕಚೇರಿಯ ವೇಳೆಗೆ ಅಡ್ಡ ಬರುತ್ತದೆಂದು ಅದನ್ನು ಕೊನೆಗಿಟ್ಟಿದ್ದಳು.

ಹುಡುಗರಿಗೆ ಅವಳೆಂದರೆ ಭಯ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವಂಥ ಪೂಜಾರಿ ಅವಳು. ಲಿಂಡಾಲಿನಲ್ಲಿ ಹಿಡಿದ ಪಾಠವನ್ನು ಬಿಡಲು ಒಂದು ಗಡುವಿತ್ತು. ಗಡುವಿನ ದಿನ ಸಂಜೆ ನಾಲ್ಕೂವರೆಯೊಳಗೆ ಅರ್ಜಿ ಕೊಟ್ಟರೆ ಪಾಠ ತಾನಾಗಿ ಬಿಟ್ಟದ್ದೆಂದು ದಾಖಲೆಯಾಗುತ್ತದೆ, ಪೆಟ್ಟಿಲ್ಲ. ನಾಲ್ಕು ಮೂವತ್ತೊಂದಕ್ಕೆ ಕೊಟ್ಟರೆ ಓದಲೇಬೇಕು, ಸೋತರೆ ನಪಾಸು. ಪ್ರಾಧ್ಯಾಪಕರು ಫೋನ್ ಮಾಡಿ ಬೇಡಿಕೊಂಡರೂ ಆರ್ಡಿಸ್ ಗಡಿಯಾರದ ಕಡೆ ಕೈ ತೋರಿಸುತ್ತಿದ್ದಳು.

ಆ ಗಡಿಯಾರ ಅವಳ ಮನೆಯನ್ನೇ ಮುರಿಯಿತು. ಅದನ್ನೂ ನಾನು ಕಣ್ಣಾರೆ ಕಂಡೆ.

ಮಗಳು ಕರಿನ್ ಲಿಂಡಾಲಿನಲ್ಲೇ ಓದುತ್ತಿದ್ದಳು, ವಿದ್ಯಾರ್ಥಿವೇತನದ ಮೇಲೆ. ಎರಡನೆಯ ವರ್ಷ ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್. ಆಸ್ಪತ್ರೆ ಉತ್ತರಕ್ಕೆ ಮೂರು ಗಂಟೆಯ ದಾರಿ. ಹುಡುಗಿ ರಸಾಯನಶಾಸ್ತ್ರದಲ್ಲಿ ಮುಳುಗುತ್ತಿದ್ದಳು, ಪಾಠ ಬಿಡಬೇಕೆಂದಿದ್ದಳು. ಗಡುವಿನ ಶುಕ್ರವಾರವೇ ಅಪ್ಪನಿಗೆ ಚಿಕಿತ್ಸೆಯ ದಿನವೂ ಬಂತು. ಗಡುವಿನ ದಿನ ಕಚೇರಿ ಬಿಡಲಾಗದೆಂದು ಆರ್ಡಿಸ್ ಕೂತಳು, ಗಂಡನನ್ನು ಕರೆದುಕೊಂಡು ಹೋಗಲು ಮಗಳನ್ನು ಕಳಿಸಿದಳು. ಕರಿನ್ ಅಪ್ಪನನ್ನು ಮನೆಯಲ್ಲಿ ಮಲಗಿಸಿ ಓಡಿ ಬಂದಾಗ ನಾಲ್ಕು ಐವತ್ತು. ಆರ್ಡಿಸ್ ಬಾಗಿಲಿಗೆ ಬೀಗ ಹಾಕುತ್ತಿದ್ದಳು. ನಾಲ್ಕು ಮೂವತ್ತೈದಕ್ಕೆ ಬಂದು ವಾಪಸಾದ ಇನ್ನೊಬ್ಬ ಹುಡುಗಿ ಅಲ್ಲೇ ಬೆಂಚಿನ ಮೇಲೆ ಅಳುತ್ತ ಕೂತಿದ್ದಳು.

“ಅಮ್ಮಾ, ತಗೋ,” ಎಂದು ಕರಿನ್ ಅರ್ಜಿ ಚಾಚಿದಳು.

ಆರ್ಡಿಸ್ ಬೆಂಚಿನ ಕಡೆ ನೋಡಿದಳು, ಮಗಳ ಕಡೆ ನೋಡಿದಳು. “ನಾಲ್ಕು ಐವತ್ತಾಯ್ತು ಕರಿನ್,” ಎಂದಳು.

“ನಾನೆಲ್ಲಿದ್ದೆ ಅಂತ ನಿಂಗೆ ಗೊತ್ತಿಲ್ವಾ? ನೀನೇ ತಾನೆ ಕಳಿಸಿದ್ದು?”

“ಗೊತ್ತು. ಮನೆಗೆ ನಡಿ, ಅಪ್ಪಂಗೆ ಊಟಕ್ಕೆ ಹೊತ್ತಾಗುತ್ತೆ.”

ಕರಿನ್ ನಪಾಸಾದಳು, ವಿದ್ಯಾರ್ಥಿವೇತನ ಹೋಯಿತು. ಕ್ರಿಸ್‌ಮಸ್ ರಜೆಗೆ ಮನೆಗೆ ಹೋದವಳು ಕಾಲೇಜಿಗೆ ತಿರುಗಿ ಬರಲಿಲ್ಲ. ದೂರದ ಮೊಂಟಾನಾ ರಾಜ್ಯಕ್ಕೆ ಹೋಗಿ ದಂತವೈದ್ಯರ ಬಳಿ ಕೆಲಸಕ್ಕೆ ಸೇರಿದಳು. ಅಪ್ಪ ಸತ್ತಾಗ ಬಂದು, ಮಣ್ಣು ಮಾಡಿ, ಅದೇ ಮಧ್ಯಾಹ್ನ ಹೊರಟಳು. ಆಮೇಲೆ ವರ್ಷಕ್ಕೊಂದು ಕಾರ್ಡು. ಅದರೊಳಗೆ ಅಂಗಡಿಯವರು ಅಚ್ಚು ಹಾಕಿಸಿದ ಶುಭಾಶಯದ ಕೆಳಗೆ ‘ಕರಿನ್’ ಎಂಬುದೊಂದೇ ಅವಳ ಕೈಬರಹ. ಈ ವಿಷಯ ಆರ್ಡಿಸ್ ಯಾರ ಹತ್ತಿರವೂ ಆಡಲಿಲ್ಲ. ನಮ್ಮ ಸೀಮೆಯ ಜನವೇ ಹಾಗೆ. ಮನೆಗೆ ಬೆಂಕಿ ಬಿದ್ದರೂ ಅಗ್ನಿಶಾಮಕದವರಿಗೆ ಸುಮ್ಮನೆ ತೊಂದರೆ ಯಾಕೆ ಎನ್ನುವವರು.

ನಮ್ಮಲ್ಲಿ ಪ್ರತಿ ಕ್ರಿಸ್‌ಮಸ್‌ಗೆ ಮನೆಯ ವರ್ಷದ ಸುದ್ದಿಯನ್ನೆಲ್ಲ ಒಂದು ಪತ್ರದಲ್ಲಿ ಬರೆದು ಬಂಧುಬಳಗಕ್ಕೆಲ್ಲ ಕಳಿಸುವ ರೂಢಿ. ಎರಡು ಸಾವಿರದ ಹದಿನೆಂಟರ ಪತ್ರದಲ್ಲಿ ಆರ್ಡಿಸ್, ಮಂಡಿಯ ಶಸ್ತ್ರಚಿಕಿತ್ಸೆಯ ಸುದ್ದಿಗೂ ಟೊಮೆಟೊ ಬೆಳೆಯ ಸುದ್ದಿಗೂ ನಡುವೆ, “ಮೇ ತಿಂಗಳಿಗೆ ನನ್ನ ಪದವಿ ಮುಗಿಯುತ್ತದೆ” ಎಂದು ಒಂದು ಸಾಲು ತೂರಿಸಿದ್ದಳು. ಜನವರಿಯಲ್ಲಿ ಮೊಂಟಾನಾದಿಂದ ಉತ್ತರ ಬಂತು. ಅದನ್ನು ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದಳು. ಅವಳು ಓಡಿದ್ದನ್ನು ನಾನು ಕಂಡದ್ದು ಆ ಒಂದು ಸಲ.

“ಓದು,” ಎಂದಳು. “ನಂಗೆ ಕನ್ನಡಕ ಸಿಗ್ತಿಲ್ಲ.” ಕನ್ನಡಕ ಅವಳ ಮೂಗಿನ ಮೇಲೇ ಇತ್ತು.

ಓದಿದೆ. “ನೀನು ಗೌನು ಹಾಕಿಕೊಳ್ಳುವ ದಿನ ನಾನು ಬರುತ್ತೇನೆ. ಕರಿನ್.”

ಪದವಿ ಪ್ರದಾನದ ದಿನ ವೇದಿಕೆಯ ಮೇಲೆ ಹೆಸರು ಕೂಗುವವಳು ಆರ್ಡಿಸಳೇ. ಪದವಿ ಇದ್ದವರಿಗೆ ಮಾತ್ರ ಗೌನು. ಹಾಗಾಗಿ ಕಪ್ಪು ಗೌನುಗಳ ಸಾಲಿನಲ್ಲಿ ಅವಳೊಬ್ಬಳು ನೀಲಿ ಕೋಟಿನಲ್ಲಿ ನಿಲ್ಲುತ್ತಿದ್ದಳು. ಆ ಕೋಟು ಕರಿನ್‌ಗೂ ಗೊತ್ತು.

ಭೂವಿಜ್ಞಾನ ಶುರುವಾಯಿತು. ಆರ್ಡಿಸ್ ಕಿಟಕಿಯ ಕಟ್ಟೆಯ ಮೇಲೆ ಕಲ್ಲುಗಳನ್ನು ಜೋಡಿಸಿಕೊಂಡು, ಬಂದವರಿಗೆಲ್ಲ ಇದು ಸುಣ್ಣದ ಕಲ್ಲು, ಇದು ಹಿಮನದಿ ತಂದು ಎಸೆದದ್ದು ಎಂದು ಪಾಠ ಹೇಳತೊಡಗಿದಳು. ಎರಡು ವಾರವಾಗಿತ್ತು. ಆಗ ಕಾಲೇಜಿನ ಅಧ್ಯಕ್ಷರು ಅವಳನ್ನು ಕರೆಸಿದರು.

“ಆರ್ಡಿಸ್, ಒಂದು ಮಾಮೂಲಿ ತಪಾಸಣೆ ಇದೆ. ಶುರುವಾದಾಗಿಂದ ಇಲ್ಲಿವರೆಗೆ ಎಲ್ಲ ವಿದ್ಯಾರ್ಥಿಗಳ ದಾಖಲೆ ತಾಳೆ ನೋಡಿ ಏಪ್ರಿಲ್ ಒಳಗೆ ಕಂಪ್ಯೂಟರಿಗೆ ಏರಿಸ್ಬೇಕು. ನೀವಲ್ದೆ ಇನ್ಯಾರಿದಾರೆ ಹೇಳಿ?”

ನೂರ ಇಪ್ಪತ್ತೆಂಟು ವರ್ಷದ ದಾಖಲೆ. ಆರ್ಡಿಸ್ ತಲೆಯಾಡಿಸಿ ಬಂದಳು. ಫೆಬ್ರವರಿ ಒಂದನೆಯ ತಾರೀಖು ಭೂವಿಜ್ಞಾನ ಬಿಡುವುದಾಗಿ ತಾನೇ ಅರ್ಜಿ ಬರೆದು, ತಾನೇ ಸಹಿ ಮಾಡಿ, ತಾರೀಖಿನ ಮುದ್ರೆ ಒತ್ತಿದಳು.

“ನಿಂಗೆ ತಲೆ ಕೆಟ್ಟಿದೆಯಾ?” ಎಂದೆ. “ಎಣ್ಣೆ ಬಂದಾಗ ಕಣ್ಣು ಮುಚ್ಕೊಳ್ಳೋದು ಅಂದ್ರೆ ಇದೇ. ಕರಿನ್ ಬರ್ತಾಳೆ ಅಂದ್ಯಲ್ಲ?”

“ಡಿಸೆಂಬರಲ್ಲಿ ಮುಗಿಸ್ತೀನಿ. ಮೂವತ್ತೈದು ವರ್ಷ ಕಾದಿದೀನಿ, ಇನ್ನು ಏಳು ತಿಂಗಳು ಏನು ಮಹಾ. ಅವಳಿಗೆ ಬರೆದು ಹೇಳ್ತೀನಿ.”

ಬರೆಯಲಿಲ್ಲ. ಇವತ್ತು ನಾಳೆ ಎಂದಳು. ಹನ್ನೊಂದು ದಿನವಾದ ಮೇಲೆ ಅಧ್ಯಕ್ಷರು ನಮ್ಮನ್ನೆಲ್ಲ ಕಾಲೇಜಿನ ಚರ್ಚಿಗೆ ಕರೆದು, ಮೇ ತಿಂಗಳ ಕೊನೆಗೆ ಲಿಂಡಾಲ್ ಶಾಶ್ವತವಾಗಿ ಮುಚ್ಚುತ್ತದೆ ಎಂದರು. ಆ ದಾಖಲೆಗಳ ಕೆಲಸ ತಪಾಸಣೆಗಲ್ಲ, ಎಲ್ಲವನ್ನೂ ಕಟ್ಟಿ ಸ್ಟೇಟ್‌ಗೆ ಒಪ್ಪಿಸುವುದಕ್ಕೆ. ಕಾಲೇಜಿನ ಹೆಣದ ಪೆಟ್ಟಿಗೆಯನ್ನು ಆರ್ಡಿಸಳ ಕೈಯಲ್ಲೇ, ಅವಳಿಗೆ ತಿಳಿಯದ ಹಾಗೆ ಮಾಡಿಸಿದರು. ಆ ಮನುಷ್ಯನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಸ್ಟೇಟ್ ಜೊತೆ ಒಂದು ಒಪ್ಪಂದವಾಗಿತ್ತು. ಘೋಷಣೆಯ ದಿನ ಪಾಠ ಓದುತ್ತಿದ್ದವರ ಪಟ್ಟಿಯಲ್ಲಿ ಹೆಸರಿದ್ದವರು ಮೇ ಒಳಗೆ ಇಲ್ಲೇ ಮುಗಿಸಬಹುದು, ಇಲ್ಲವೇ ಅಲ್ಲಿಗೆ ಹೋಗಿ ಉಳಿದದ್ದಷ್ಟನ್ನೇ ಓದಬಹುದು. ಪಟ್ಟಿಯಲ್ಲಿಲ್ಲದವರು ಸ್ಟೇಟ್‌ನಲ್ಲಿ ಪದವಿ ಬೇಕೆಂದರೆ ಕೊನೆಯ ಹತ್ತು ಪಾಠಗಳನ್ನು ಅಲ್ಲಿಯೇ ಓದಬೇಕು, ಮೊದಲು ಎಷ್ಟೇ ಓದಿರಲಿ. ಅವಧಿಗೊಂದರಂತೆ ಓದುವವಳಿಗೆ ಹತ್ತು ಪಾಠವೆಂದರೆ ಐದು ವರ್ಷ.

ಪಟ್ಟಿ ತಯಾರಿಸಬೇಕಾದವಳು ಆರ್ಡಿಸ್.

ನಾನು ಭೂವಿಜ್ಞಾನದ ಮೇಷ್ಟ್ರನ್ನು ಕಂಡು ಮಾತಾಡಿ, ಅವಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. “ಆ ಅರ್ಜಿ ಕಂಪ್ಯೂಟರಿಗೆ ಏರಿಸಿದ್ಯಾ?”

“ಇಲ್ಲ. ಹಳೇ ದಾಖಲೆಗಳ ಗಲಾಟೆಯಲ್ಲಿ ಪುರುಸೊತ್ತು ಎಲ್ಲಿತ್ತು? ಡ್ರಾಯರಲ್ಲಿದೆ.”

“ಯಾರು ನೋಡಿದಾರೆ?”

“ನೀನು.”

“ನಂಗೆ ಕಣ್ಣು ಕಾಣಲ್ಲ. ಹರಿದು ಹಾಕು. ಎರಡು ಮಂಗಳವಾರ ತಪ್ಪಿದೆ ಅಷ್ಟೇ, ತುಂಬಿಸಿಕೊಡ್ತೀನಿ ಅಂತ ಮೇಷ್ಟ್ರು ಹೇಳಿದಾರೆ. ಮೇ ಹತ್ತೊಂಬತ್ತಕ್ಕೆ ಗೌನು ಹಾಕ್ಕೋ, ಮಗಳು ನೋಡ್ಲಿ.”

ಆರ್ಡಿಸ್ ಡ್ರಾಯರ್ ತೆಗೆದು ಕಾಗದವನ್ನು ಮೇಜಿನ ಮೇಲಿಟ್ಟಳು. ಬಹಳ ಹೊತ್ತು ಅದನ್ನೇ ನೋಡುತ್ತಿದ್ದಳು. ಹರಿಯುತ್ತಾಳೆ ಎಂದೇ ನಾನು ಅಂದುಕೊಂಡೆ. ಆಮೇಲೆ ಕಂಪ್ಯೂಟರಿನ ಕಡೆ ತಿರುಗಿ, ತನ್ನ ಹೆಸರು ಒತ್ತಿ, ಪಾಠದ ಸಂಖ್ಯೆ ಒತ್ತಿ, ‘ಬಿಟ್ಟಿದ್ದಾರೆ, ಫೆಬ್ರವರಿ ೧’ ಎಂದು ಏರಿಸಿಬಿಟ್ಟಳು.

“ಹಟಮಾರಿ ಮುದುಕಿ!” ಎಂದು ಕೂಗಿದೆ. “ಮುಳುಗೋ ಹಡಗಲ್ಲಿ ನಿಯಮ ಯಾರಿಗೆ ಬೇಕೇ?”

“ಅವಳದ್ದು ಇಪ್ಪತ್ತು ನಿಮಿಷ ತಡವಾಗಿತ್ತು ವೆಂಡೆಲ್,” ಎಂದಳು. “ಆವತ್ತು ತಗೊಳ್ಳಲಿಲ್ಲ. ಇವತ್ತು ನನಗೋಸ್ಕರ ಹನ್ನೊಂದು ದಿನ ಅಳಿಸಿ, ಗೌನು ಹಾಕ್ಕೊಂಡು ಅವಳ ಮುಂದೆ ನಿಂತ್ಕೊಳ್ಲಾ? ಯಾವ ಮುಖ ಇಟ್ಕೊಂಡು?”

“ಹಾಗಾದ್ರೆ ಬರಬೇಡ ಅಂತ ಅವಳಿಗಾದ್ರೂ ಹೇಳು,” ಎಂದೆ. ಹೇಳುತ್ತೇನೆಂದಳು. ಮಾರ್ಚ್‌ನಲ್ಲಿ ಕೇಳಿದೆ, ಹೇಳುತ್ತೇನೆಂದಳು. ಏಪ್ರಿಲ್‌ನಲ್ಲಿ ಕೇಳಿದಾಗ, “ರಜಾ ಹಾಕಿದಾಳಂತೆ. ಈಗ ಹೇಳಿದ್ರೆ ಸುಮ್ನೆ ತೊಂದರೆ,” ಎಂದು ಕಡತಗಳ ಕಡೆ ತಿರುಗಿದಳು. ಹೇಳಿದರೆ ಮಗಳು ಬರುವುದಿಲ್ಲ. ಹೇಗಾದರೂ ಒಂದು ಸಲ ಬರಲಿ ಎಂದು ಅವಳಿಗೆ ಆಸೆ. ಇದು ನನಗೆ ಅರ್ಥವಾಯಿತು, ಬಾಯಿ ಮುಚ್ಚಿಕೊಂಡೆ. ಹಾಳಾದ ನಾನೂ ಈ ಸೀಮೆಯವನೇ ಅಲ್ಲವೇ!

ಮೇ ಹತ್ತೊಂಬತ್ತು ಬಂತು. ಕೊನೆಯ ಪದವಿ ಪ್ರದಾನವೆಂದು ಊರಿಗೆ ಊರೇ ಹುಲ್ಲುಹಾಸಿನ ಮೇಲೆ ನೆರೆದಿತ್ತು. ಕರಿನ್ ಹದಿನಾಲ್ಕು ಗಂಟೆ ಗಾಡಿ ಓಡಿಸಿಕೊಂಡು ಬಂದು, ಕೈಯಲ್ಲಿ ಹಳದಿ ಹೂವಿನ ಗೊಂಚಲು ಹಿಡಿದು ನನ್ನ ಪಕ್ಕದಲ್ಲೇ ಕೂತಳು. ಮೂವತ್ತೈದರ ಹತ್ತಿರ ಬಂದಿದ್ದಳು, ಮುಖ ಡ್ವೇನನದೇ.

ಆರ್ಡಿಸ್ ನೀಲಿ ಕೋಟಿನಲ್ಲಿ ವೇದಿಕೆ ಹತ್ತಿದಳು.

“ಗೌನು ಎಲ್ಲಿ ವೆಂಡೆಲ್ ಅಂಕಲ್?” ಎಂದಳು ಕರಿನ್. “ಓ, ಹೆಸರು ಕೂಗಿ ಆದ್ಮೇಲೆ ಹಾಕ್ಕೊಳ್ತಾಳೆ ಅನ್ಸುತ್ತೆ. ತನ್ನ ಹೆಸರು ತಾನೇ ಕೂಗ್ಕೋತಾಳಾ? ಅಮ್ಮಂಗೆ ನಾಚಿಕೆ ಆಗಲ್ವಾ?” ನಕ್ಕಳು. ಹದಿನೈದು ವರ್ಷದ ಮೇಲೆ ಆ ಹುಡುಗಿ ನಕ್ಕದ್ದನ್ನು ನೋಡಿದೆ.

ಅಕ್ಷರಮಾಲೆಯ ಪ್ರಕಾರ ಹೆಸರುಗಳು ಬಂದವು. ಆರ್ಡಿಸ್ ಒಂದೊಂದನ್ನೂ, ಮನೆಯವರು ಹೇಗೆ ಕರೆಯುತ್ತಾರೋ ಹಾಗೇ ಕೂಗಿದಳು. ಎಸ್ ಅಕ್ಷರ ಬಂದಾಗ, ಟೋರ್ಕೆಲ್ಸನ್ ಇನ್ನು ಹತ್ತಿರವೆಂದು ಕರಿನ್ ಹೂವನ್ನು ಎಡಗೈಗೆ ಬದಲಿಸಿ ಫೋನು ಎತ್ತಿ ಹಿಡಿದಳು. ಸೊರೆನ್ಸನ್ ಆಯಿತು. ಸ್ವೆನ್ಸನ್ ಆಯಿತು. ಟಾಲ್ಬೊಟ್ ಆಯಿತು. ಆರ್ಡಿಸ್ ನೀರು ಕುಡಿದಳು. ಆಮೇಲೆ ವಾಗ್ನರ್ ಎಂದಳು.

ಕರಿನ್ ಫೋನನ್ನು ಹಾಗೇ ಹಿಡಿದಿದ್ದಳು. ಕೊನೆಯ ಹುಡುಗನೂ ಹೋದ ಮೇಲೆ ಇಳಿಸಿದಳು. “ಅಮ್ಮನ ಹೆಸರು ಬರಲಿಲ್ಲ,” ಎಂದಳು. ನಾನು ಎಲ್ಲವನ್ನೂ ಹೇಳಿದೆ. ಡ್ರಾಯರಿನ ವಿಷಯವನ್ನೂ ಹೇಳಿದೆ. ಮಗಳಿಗೆ ತಾಯಿಯ ಪ್ರಾಮಾಣಿಕತೆ ತಿಳಿಯಲಿ, ಮನಸ್ಸು ಕರಗಲಿ ಎಂದು ಹೇಳಿದೆ. ನನ್ನಂಥ ದಡ್ಡ ಇನ್ನೊಬ್ಬನಿಲ್ಲ.

ಊಟದ ಮೇಜುಗಳ ಹತ್ತಿರ, ಹಂದಿಮಾಂಸದ ಬನ್ನುಗಳ ತಟ್ಟೆ ಹಿಡಿದು ಆರ್ಡಿಸ್ ಬಂದಳು. “ಬಂದ್ಯಾ. ದಾರೀಲಿ ಮಳೆ ಸಿಕ್ತಾ?” ಎಂದು ಕೇಳಿದಳು.

“ಆ ಕಾಗದ ನಿನ್ನ ಕೈಯಲ್ಲೇ ಇತ್ತಂತೆ,” ಎಂದಳು ಕರಿನ್.

“ಇತ್ತು.”

“ಯಾಕೆ ಹರೀಲಿಲ್ಲ?”

“ನಿಂದು ತಗೊಳ್ಳದೆ ನಂದನ್ನ ಹೇಗೆ ಹರೀಲಿ ಕರಿನ್? ಆಮೇಲೆ ನಿನ್ನ ಮುಖ ಹೇಗೆ ನೋಡ್ಲಿ?”

“ಅವತ್ತು ನಂದು ತಗೊಂಡಿದ್ರೆ ಹದಿನೈದು ವರ್ಷವೂ ನನ್ನ ಮುಖ ನೋಡ್ತಿದ್ದೆ ಅಲ್ವಾಮ್ಮ,” ಎಂದಳು ಕರಿನ್.

ಅವಳು ಕೂಗಾಡಲಿಲ್ಲ. ಹೂವನ್ನು ತಾಯಿಯ ಕೈಗೆ ಕೊಟ್ಟಳು, ತಟ್ಟೆ ಇದ್ದದ್ದರಿಂದ ಕೊಡುವುದೂ ತೆಗೆದುಕೊಳ್ಳುವುದೂ ಕಷ್ಟವಾಯಿತು. ಗಾಡಿ ಹತ್ತಿ ಹೊರಟುಹೋದಳು. ಆರ್ಡಿಸ್ ಒಬ್ಬೊಬ್ಬರಿಗೂ ಬನ್ನು ಹಂಚಿದಳು.

ಎಲ್ಲ ಮುಗಿದ ಮೇಲೆ ಅವಳನ್ನು ಮನೆಗೆ ಬಿಡಲು ನನ್ನ ಗಾಡಿಯಲ್ಲಿ ಕೂರಿಸಿಕೊಂಡೆ. ಗೋದಾಮುಗಳು ದಾಟಿದ ಮೇಲೆ, “ಅವಳದ್ದು ತಗೋಬೇಕಿತ್ತು ವೆಂಡೆಲ್,” ಎಂದಳು. “ಬೆಂಚ್ ಮೇಲೆ ಕೂತಿದ್ದಳಲ್ಲ, ಆ ಹುಡುಗೀದೂ ತಗೋಬೇಕಿತ್ತು. ಗಡಿಯಾರಕ್ಕೇನು ಗೊತ್ತಾಗ್ತಿತ್ತು?”

ನಾನು ಗಾಡಿ ನಿಲ್ಲಿಸಿದೆ. “ಇದನ್ನ ಅವಳಿಗೆ ಹೇಳು. ಈಗಲೇ ಫೋನ್ ಮಾಡು.”

“ಗಾಡಿ ಓಡಿಸ್ತಿರ್ತಾಳೆ. ಊರು ಸೇರ್ಲಿ, ಆಮೇಲೆ ಮಾಡ್ತೀನಿ.”

ದಾಖಲೆಗಳ ಜೊತೆಗೆ ಸ್ಟೇಟ್‌ನವರು ಆರ್ಡಿಸಳನ್ನೂ ಕೆಲಸಕ್ಕೆ ಇಟ್ಟುಕೊಂಡರು. ನೆಲಮಾಳಿಗೆಯಲ್ಲಿ ಎರಡು ಕೋಣೆ, ಅದರಲ್ಲಿ ಸತ್ತ ನಮ್ಮ ಕಾಲೇಜು. ಅವಳನ್ನು ಅಲ್ಲಿ ಚೆನ್ನಾಗಿಯೇ ನೋಡಿಕೊಂಡರು, ತುಟಿ ಕೊಂಕಿಸಿದ ನಾನೇ ಒಪ್ಪುತ್ತೇನೆ. ಆಗಸ್ಟ್‌ನಲ್ಲಿ ಹತ್ತರಲ್ಲಿ ಮೊದಲನೆಯ ಪಾಠಕ್ಕೂ ಸೇರಿದಳು. “ನಿಜವಾಗ್ಲೂ ಮುನ್ನೂರು ಜನ ಕಣೋ,” ಎಂದು ಫೋನಿನಲ್ಲಿ ಹೇಳಿದಳು. ಕರಿನ್‌ಗೆ ಫೋನ್ ಮಾಡಿದೆಯಾ ಎಂದು ಕೇಳಿದಾಗಲೆಲ್ಲ, ಅಲ್ಲಿ ಈಗ ಕೆಲಸದ ಹೊತ್ತು, ಅಲ್ಲಿ ಈಗ ಊಟದ ಹೊತ್ತು ಎನ್ನುತ್ತಿದ್ದಳು.

ನವೆಂಬರಿನ ಒಂದು ಮಂಗಳವಾರ ಬೆಳಿಗ್ಗೆ ಮೇಜಿನ ಮುಂದೆಯೇ ಅವಳ ಮೆದುಳಿನಲ್ಲಿ ರಕ್ತನಾಳ ಒಡೆಯಿತು. ಮಧ್ಯಾಹ್ನದ ಹೊತ್ತಿಗೆ ಹೋಗಿಬಿಟ್ಟಳು.

ಮೊಂಟಾನಾಕ್ಕೆ ಫೋನ್ ಮಾಡಿದವನು ನಾನು. ಕರಿನ್‌ಗೆ ಸುದ್ದಿ ತಿಳಿಸಿದೆ. ಇನ್ನು ಮುಚ್ಚಿಡುವುದು ಪಾಪವೆಂದು, ಗಾಡಿಯಲ್ಲಿ ಅವಳಮ್ಮ ಆಡಿದ ಮಾತನ್ನು ಒಂದು ಅಕ್ಷರವೂ ಬಿಡದೆ ಹೇಳಿದೆ.

“ಯಾವಾಗ ಹೇಳಿದ್ಳು?” ಎಂದು ಕೇಳಿದಳು.

“ನೀನು ಹೊರಟ ದಿನಾನೇ. ನೀನಿನ್ನೂ ದಾರೀಲಿದ್ದೆ.”

“ಫೋನ್ ಮಾಡಿದ್ರೆ ಗಾಡಿ ತಿರುಗಿಸ್ತಿದ್ದೆ ಅಂಕಲ್,” ಎಂದಳು ಕರಿನ್.